ಮಾರ್ಮನ್ ದೀಕ್ಷಾಸ್ನಾನದ ಪ್ರಶ್ನೆ: ಇತಿಹಾಸದ ಬೆಳಕಿನಲ್ಲಿ

ಚಾಮರಾಜನಗರದಲ್ಲೋ ಗುಂಡ್ಲುಪೇಟೆಯಲ್ಲೋ ಸೇವೆ ಸಲ್ಲಿಸುವ ಗುರುಗಳ ಮುಂದೆ ಒಂದು ವಿವಾಹದ ಅರ್ಜಿ ಬಂದಿದೆಯೆಂದು ಭಾವಿಸೋಣ. ವಧು ಕಥೋಲಿಕಳು. ವರನು ಹಿಂದೂ ಮನೆತನದಲ್ಲಿ ಹುಟ್ಟಿ, ದುಡಿಮೆಗಾಗಿ ಬೆಂಗಳೂರು ಸೇರಿ, ಅಲ್ಲಿ 'ಯೇಸು ಕ್ರಿಸ್ತರ ಅಂತಿಮ ದಿನಗಳ ಸಂತರ ಸಭೆ'ಯ ಸದಸ್ಯನಾದವನು. ತನ್ನನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷಾಸ್ನಾನ ಕೊಟ್ಟರೆಂದು ಅವನು ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಗುರುಗಳು ಧರ್ಮಾಧ್ಯಕ್ಷರಿಗೆ ಬರೆಯಬೇಕಾದುದು ಮಿಶ್ರವಿವಾಹದ ಅನುಮತಿಗಾಗಿಯೇ, ಅಥವಾ ದೀಕ್ಷಾಸ್ನಾನ ಹೊಂದದವನೊಡನೆ ವಿವಾಹವಾಗಲು ಬೇಕಾದ ವಿನಾಯಿತಿಗಾಗಿಯೇ? ಎರಡನೆಯದು ಅಗತ್ಯವಿದ್ದು ಅದನ್ನು ಪಡೆಯದೆ ಹೋದರೆ ಧರ್ಮಸಭೆಯ ಕಾನೂನಿನ 1086ನೆಯ ವಿಧಿಯಂತೆ ಆ ವಿವಾಹವೇ ಅಸಿಂಧು. ಒಂದು ಕುಟುಂಬದ ಬುನಾದಿ ಈ ಉತ್ತರದ ಮೇಲೆ ನಿಂತಿದೆ. ಉತ್ತರದ ಬೇರು ಇರುವುದು ಇತಿಹಾಸದಲ್ಲಿ.

ಇದು ದೂರದ ಅಮೆರಿಕದ ಸಂಗತಿಯೆಂದು ನಾವು ತಳ್ಳಿಹಾಕುವಂತಿಲ್ಲ. 1850ರ ದಶಕದಲ್ಲೇ ಈ ಸಭೆಯ ಪ್ರಚಾರಕರು ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಕೆಲಸ ಮಾಡಿದ್ದರು. ಫಲ ಅಲ್ಪವಾಗಿತ್ತು, ಕೆಲವೇ ವರ್ಷಗಳಲ್ಲಿ ಆ ಕಾರ್ಯ ನಿಂತಿತು. ಎರಡನೆಯ ಬರವು ಹಾಗಿರಲಿಲ್ಲ. 1993ರಲ್ಲಿ ಬೆಂಗಳೂರು ಅವರ ಮಿಷನ್ ಕೇಂದ್ರವಾಯಿತು; 2018ರ ಏಪ್ರಿಲಿನಲ್ಲಿ ಭಾರತದಲ್ಲಿ ತಮ್ಮ ಮೊದಲ ದೇವಾಲಯವನ್ನು ಅಲ್ಲಿಯೇ ಕಟ್ಟುವುದಾಗಿ ಸಾರಿದರು; 2020ರ ಡಿಸೆಂಬರ್ 2ರಂದು ಭೂಮಿಪೂಜೆಗೆ ಸಮನಾದ ಅವರ ವಿಧಿ ನೆರವೇರಿತು. 'ಮಾರ್ಮನ್' ಎಂಬ ಅಡ್ಡಹೆಸರನ್ನು ಬಿಟ್ಟು ಪೂರ್ಣ ಹೆಸರಿನಿಂದಲೇ ಕರೆಯಬೇಕೆಂದು ಅವರ ಅಧ್ಯಕ್ಷರು ಅದೇ 2018ರಲ್ಲಿ ಕೇಳಿಕೊಂಡರು. ಎದುರಿಗಿರುವವರೊಡನೆ ಮಾತನಾಡುವಾಗ ಆ ಸೌಜನ್ಯವನ್ನು ನಾವು ತೋರಬೇಕು. ಈ ಲೇಖನದಲ್ಲಿ ಮಾತ್ರ ಬಳಕೆಯ ಹೆಸರನ್ನು ಉಳಿಸಿಕೊಂಡಿದ್ದೇವೆ.

ಅವರ ಮೂಲಕಥನ ಹೀಗಿದೆ: ಪ್ರೇಷಿತರ ಮರಣಾನಂತರ ಧರ್ಮಸಭೆ ಸತ್ಯದಿಂದ ಜಾರಿತು, ಗುರುತ್ವದ ಅಧಿಕಾರವನ್ನು ದೇವರು ಭೂಮಿಯಿಂದ ಹಿಂತೆಗೆದುಕೊಂಡರು, 1820ರಲ್ಲಿ ನ್ಯೂಯಾರ್ಕ್ ಸೀಮೆಯ ಜೋಸೆಫ್ ಸ್ಮಿತ್ ಎಂಬ ಹುಡುಗನಿಗೆ ದರ್ಶನವಾಯಿತು, 1827ರಲ್ಲಿ ದೇವದೂತನ ಮೂಲಕ ಚಿನ್ನದ ತಗಡುಗಳು ಅವನ ಕೈಸೇರಿದವು. ಅವುಗಳ ಭಾಷಾಂತರವೆನ್ನಲಾದ ಮಾರ್ಮನ್ ಗ್ರಂಥ 1830ರಲ್ಲಿ ಅಚ್ಚಾಯಿತು. ಅದೇ ವರ್ಷ ಏಪ್ರಿಲ್ 6ರಂದು ಸಭೆ ಸ್ಥಾಪಿತವಾಯಿತು.

ತಗಡಿನ ಮೇಲಿನ ಬರಹ ನಮ್ಮ ನಾಡಿಗೆ ಹೊಸತಲ್ಲ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಪ್ರಕಟಿಸಿದರು. ರೈಸ್ ಅವರು ಬೆಂಗಳೂರಿನ ಮಿಷನರಿಯೊಬ್ಬರ ಮಗನೆಂಬುದು ನಮ್ಮ ವಿದ್ಯಾರ್ಥಿಗಳು ನೆನಪಿಡತಕ್ಕ ವಿಷಯ. ಗಂಗರ ಹಲವು ತಾಮ್ರಪಟಗಳು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ವಾದಿಸಿದರು, ರೈಸ್ ಒಪ್ಪಲಿಲ್ಲ, ವಿದ್ವಾಂಸರ ನಡುವೆ ದೀರ್ಘ ಚರ್ಚೆಯೇ ನಡೆಯಿತು. ಆ ಚರ್ಚೆ ಸಾಧ್ಯವಾದದ್ದು ತಗಡುಗಳು ಕಣ್ಣೆದುರಿಗೆ ಇದ್ದುದರಿಂದ. ಲಿಪಿ ಆ ಕಾಲದ್ದೇ, ತಿಥಿವಾರಗಳು ಹೊಂದುತ್ತವೆಯೇ, ವಂಶಾವಳಿ ಸರಿಯೇ ಎಂದು ಯಾರು ಬೇಕಾದರೂ ನೋಡಬಹುದಿತ್ತು. ಸ್ಮಿತ್ತರ ತಗಡುಗಳಾದರೋ ದೇವದೂತನಿಗೆ ಮರಳಿದವೆಂದು ಹೇಳಲಾಗುತ್ತದೆ. ಕಂಡೆವೆಂದ ಹನ್ನೊಂದು ಮಂದಿಯ ಸಾಕ್ಷ್ಯ ಮಾತ್ರ ಗ್ರಂಥದೊಡನೆ ಅಚ್ಚಾಗಿದೆ.

ಈ ವಾದವನ್ನು ನಾವು ಎಚ್ಚರದಿಂದ ಬಳಸಬೇಕು. ಪುನರುತ್ಥಾನದ ವಿಷಯದಲ್ಲಿ ನಾವೂ ಸಾಕ್ಷಿಗಳ ಮಾತನ್ನೇ ನಂಬಿದವರಲ್ಲವೇ? ಆದ್ದರಿಂದ ತಗಡು ಇಲ್ಲವೆಂದು ನಗುವುದಕ್ಕಿಂತ, ಪರೀಕ್ಷೆಗೆ ಸಿಗುವುದನ್ನು ಪರೀಕ್ಷಿಸುವುದು ಲೇಸು. ಸ್ಮಿತ್ ಅವರು 1835ರಲ್ಲಿ ಕೊಂಡ ಈಜಿಪ್ಟಿನ ಪಪೈರಸ್ ಸುರುಳಿಗಳಿಂದ 'ಅಬ್ರಹಾಮನ ಗ್ರಂಥ'ವನ್ನು ಭಾಷಾಂತರಿಸಿದ್ದಾಗಿ ಹೇಳಿದರು. ಆ ಸುರುಳಿಗಳ ತುಣುಕುಗಳು 1967ರಲ್ಲಿ ಬೆಳಕಿಗೆ ಬಂದವು; ಅವು ಶವಸಂಸ್ಕಾರಕ್ಕೆ ಸಂಬಂಧಿಸಿದ ಬರಹಗಳೆಂದು ಈಜಿಪ್ಟ್ ತಜ್ಞರು ಓದಿದರು. ತುಣುಕುಗಳ ಅಕ್ಷರಗಳು ಆ ಗ್ರಂಥದ ಪಾಠಕ್ಕೆ ಹೊಂದುವುದಿಲ್ಲವೆಂಬುದನ್ನು ಆ ಸಭೆಯೂ 2014ರಲ್ಲಿ ಒಪ್ಪಿಕೊಂಡಿದೆ. ಆದರೂ ಗ್ರಂಥವು ದೈವಪ್ರೇರಿತವೆಂಬ ನಿಲುವನ್ನು ಬಿಟ್ಟಿಲ್ಲ.

ಧರ್ಮಸಭೆ ಅಳಿಯಿತೆಂಬ ಮಾತಿಗೂ ಇದೇ ಬಗೆಯ ಪರೀಕ್ಷೆ ಸಲ್ಲುತ್ತದೆ. ಮೊದಲ ಶತಮಾನದ ಕೊನೆಯಲ್ಲಿ ರೋಮಿನ ಕ್ಲೆಮೆಂತರು ಕೊರಿಂಥದವರಿಗೆ ಬರೆದರು. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಇಗ್ನೇಷಿಯಸರು ಸಾವಿನತ್ತ ನಡೆಯುತ್ತಲೇ ಸಭೆಗಳಿಗೆ ಪತ್ರ ಬರೆದರು. ಸುಮಾರು 180ರಲ್ಲಿ ಇರೆನೇಯುಸರು ರೋಮಿನ ಧರ್ಮಾಧ್ಯಕ್ಷರ ಸಾಲನ್ನು ಹೆಸರಿಸಿದರು. ಪ್ರೇಷಿತರಿಂದ ಧರ್ಮಾಧ್ಯಕ್ಷರಿಗೆ ಕೈಯಿಂದ ಕೈಗೆ ಸಂದ ಈ ಸರಣಿಯಲ್ಲಿ ದೀಪ ಆರಿದ್ದು ಯಾವ ದಿನ? ಪಾಪ, ಜಗಳ, ಪಾಷಂಡಮತ ಎಲ್ಲವೂ ಅಲ್ಲಿವೆ. ಸಂಪೂರ್ಣ ಅಳಿವು ಮಾತ್ರ ಕಾಣುವುದಿಲ್ಲ. ಪಾತಾಳಲೋಕದ ಬಲ ಧರ್ಮಸಭೆಯನ್ನು ಜಯಿಸದೆಂಬ ಪ್ರಭುವಿನ ವಾಗ್ದಾನವನ್ನು (ಮತ್ತಾಯ 16) ನಾವು ಆಧರಿಸುವುದು ಈ ದಾಖಲೆಗಳನ್ನು ಬದಿಗಿಟ್ಟಲ್ಲ.

ಆದರೂ ಭೇದದ ತಿರುಳು ಇರುವುದು ದೇವರ ಕುರಿತ ಬೋಧನೆಯಲ್ಲಿ. ಅದರ ತೀವ್ರರೂಪ 1830ರ ಗ್ರಂಥದಲ್ಲಿ ಕಾಣದು. ಅದು ಬೆಳೆದದ್ದು ಸ್ಮಿತ್ತರ ಕೊನೆಯ ವರ್ಷಗಳಲ್ಲಿ. ಪಿತನಿಗೂ ಮಾಂಸ ಮತ್ತು ಮೂಳೆಗಳ ದೇಹವಿದೆಯೆಂದು 1843ರಲ್ಲಿ ಬೋಧಿಸಿದರು. 1844ರ ಏಪ್ರಿಲಿನಲ್ಲಿ, ಕೊಲೆಯಾಗುವುದಕ್ಕೆ ಮೂರು ತಿಂಗಳು ಮುಂಚೆ ಮಾಡಿದ ಪ್ರಸಿದ್ಧ ಪ್ರವಚನದಲ್ಲಿ, ದೇವರು ಒಂದು ಕಾಲಕ್ಕೆ ನಮ್ಮಂತೆ ಇದ್ದು ಮೇಲೇರಿದವರೆಂದೂ ಮನುಷ್ಯರೂ ಆ ಹಾದಿಯಲ್ಲಿ ದೇವರಾಗಬಲ್ಲರೆಂದೂ ಹೇಳಿದರು. ಪೂರ್ವದ ಪಿತೃಗಳೂ ಮಾನವನ ದೈವೀಕರಣದ ಮಾತನಾಡಿದ್ದಾರಲ್ಲ ಎಂಬ ಪ್ರಶ್ನೆ ಏಳಬಹುದು. ಅಥನಾಸಿಯುಸರ ಅರ್ಥದಲ್ಲಿ ಅದು ಸೃಷ್ಟಿಯು ಕೃಪೆಯಿಂದ ಸೃಷ್ಟಿಕರ್ತನ ಬಾಳಿನಲ್ಲಿ ಪಾಲುಗೊಳ್ಳುವುದು. ಇಲ್ಲಿಯಾದರೋ ಸೃಷ್ಟಿಗೂ ಸೃಷ್ಟಿಕರ್ತನಿಗೂ ನಡುವಿನ ಗೆರೆಯೇ ಅಳಿದಿದೆ.

ದೀಕ್ಷಾಸ್ನಾನದ ವಿಷಯದಲ್ಲಿ ಧರ್ಮಸಭೆ ಉದಾರವಾಗಿಯೇ ನಡೆದಿದೆ. ಪಾಷಂಡಿಗಳು ಕೊಟ್ಟ ದೀಕ್ಷಾಸ್ನಾನವನ್ನು ಪುನಃ ಕೊಡಬಾರದೆಂದು ಮೂರನೆಯ ಶತಮಾನದಲ್ಲಿ ವಿಶ್ವಗುರು ಸ್ತೆಫಾನರು ಸಿಪ್ರಿಯಾನರ ಎದುರು ಹಟಹಿಡಿದರು. ಆದರೆ 325ರ ನಿಸೇಯ ಮಹಾಸಭೆ ತನ್ನ 19ನೆಯ ವಿಧಿಯಲ್ಲಿ ಸಮೋಸಾಟದ ಪೌಲನ ಅನುಯಾಯಿಗಳಿಗೆ ಪುನಃ ದೀಕ್ಷಾಸ್ನಾನ ಕೊಡಬೇಕೆಂದಿತು. ಅವರು ಅದೇ ನಾಮಗಳನ್ನು ಉಚ್ಚರಿಸುತ್ತಿದ್ದರೆಂದು ಅಥನಾಸಿಯುಸರೇ ಹೇಳುತ್ತಾರೆ. ಹೆಸರು ಒಂದೇ; ಹೆಸರಿಸಿದವರು ಬೇರೆ. 2001ರ ಜೂನ್ 5ರಂದು ವಿಶ್ವಾಸ ಬೋಧನಾ ಪೀಠವು ಮಾರ್ಮನ್ ದೀಕ್ಷಾಸ್ನಾನ ಸಿಂಧುವಲ್ಲವೆಂದು ಉತ್ತರಿಸಿತು. ಅವರಿಗೆ ಪಿತ, ಸುತ, ಪವಿತ್ರಾತ್ಮರು ಏಕಸ್ವಭಾವದ ಒಬ್ಬರೇ ದೇವರಲ್ಲ, ಒಂದು ದೈವತ್ವವನ್ನು ರಚಿಸುವ ಮೂವರು ದೇವರುಗಳು. ದೀಕ್ಷಾಸ್ನಾನ ಆದಾಮನಿಂದಲೇ ಆರಂಭವಾಯಿತೆಂಬುದು ಅವರ ಬೋಧನೆ. ಕೊಡುವವನ ತಪ್ಪುತಿಳಿವು ಸಾಮಾನ್ಯವಾಗಿ ಸಂಸ್ಕಾರವನ್ನು ಕೆಡಿಸದು; ಇಲ್ಲಿ ಧರ್ಮಸಭೆ ಮಾಡುವುದನ್ನು ಮಾಡುವ ಉದ್ದೇಶವೇ ಇಲ್ಲವೆಂಬುದು ತೀರ್ಪಿನ ಆಧಾರ.

ನಮ್ಮ ಜನರನ್ನು ಅವರತ್ತ ಸೆಳೆಯುವುದು ತ್ರಿತ್ವದ ವಾದಗಳಲ್ಲ; ಕುಟುಂಬ ಸಾವಿನಾಚೆಗೂ ಒಂದಾಗಿರುವುದೆಂಬ ಭರವಸೆ, ಸತ್ತ ಹಿರಿಯರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯುವ ಪದ್ಧತಿ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ನಾಡಿನಲ್ಲಿ ಇದನ್ನು ಹಗುರವಾಗಿ ಕಾಣಲಾಗದು. ದೀಕ್ಷಾಸ್ನಾನವಿಲ್ಲದೆ ತೀರಿಹೋದ ನನ್ನ ಅಜ್ಜಿಯ ಗತಿಯೇನು ಎಂದು ಮೊದಲ ತಲೆಮಾರಿನ ವಿಶ್ವಾಸಿ ಕೇಳಿದಾಗ ನಾವು ಬಹುಪಾಲು ತಡವರಿಸುತ್ತೇವೆ. ಸಂತ ಪೌಲರು ಒಮ್ಮೆ ಉಲ್ಲೇಖಿಸಿದ ಪದ್ಧತಿಯನ್ನು (1 ಕೊರಿಂಥ 15) ಧರ್ಮಸಭೆ ಎಂದೂ ತನ್ನದಾಗಿಸಿಕೊಳ್ಳಲಿಲ್ಲ; ಮಾರ್ಸಿಯೋನನ ಪಂಥದವರು ಅದನ್ನು ನಡೆಸುತ್ತಿದ್ದ ರೀತಿಯನ್ನು ಕ್ರಿಸೋಸ್ತೋಮರು ಲೇವಡಿ ಮಾಡಿದ್ದಾರೆ. ಆದರೆ ಆ ಅಜ್ಜಿಗೆ ಲೇವಡಿ ಉತ್ತರವಾಗದು. ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನು ಅರಿಯದೆ, ಮನಸ್ಸಾಕ್ಷಿಯಂತೆ ಬಾಳಿದವರೂ ರಕ್ಷಣೆ ಹೊಂದಬಲ್ಲರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಧರ್ಮಸಭೆಯನ್ನು ಕುರಿತ ಸಂವಿಧಾನದ 16ನೆಯ ಪರಿಚ್ಛೇದದಲ್ಲಿ ಹೇಳಿದೆ. ನವೆಂಬರ್ 2ರಂದು ಸಮಾಧಿಗಳ ಬಳಿ ನಿಂತು ನಾವು ಇದನ್ನು ಎಷ್ಟು ಸಲ ಬೋಧಿಸಿದ್ದೇವೆ?

ಧರ್ಮಕೇಂದ್ರಗಳ ದಾಖಲೆ ಪುಸ್ತಕಗಳನ್ನು ಆ ಸಭೆಯ ವಂಶಾವಳಿ ಸಂಸ್ಥೆಗೆ ನಕಲು ಮಾಡಲು ಕೊಡಬಾರದೆಂದು ರೋಮಿನ ಗುರುಗಳ ಪೀಠ 2008ರ ಏಪ್ರಿಲ್ 5ರಂದು ಧರ್ಮಾಧ್ಯಕ್ಷರಿಗೆ ಬರೆದದ್ದು ಈ ಮೃತರ ದೀಕ್ಷಾಸ್ನಾನದ ಕಾರಣಕ್ಕೇ. ಇನ್ನು ಆ ವರನ ವಿಷಯ: ಗುರುಗಳು 1086ನೆಯ ವಿಧಿಯ ವಿನಾಯಿತಿಗೆ ಬರೆಯಬೇಕು. ಬರೆಯುವ ಮುನ್ನ ಅವನನ್ನು ಕೂರಿಸಿಕೊಂಡು, ನೀನು ಪಡೆದುದನ್ನು ನಾವು ದೀಕ್ಷಾಸ್ನಾನವೆಂದು ಏಕೆ ಎಣಿಸಲಾರೆವೆಂಬುದನ್ನು ವಧುವಿನ ಎದುರಿನಲ್ಲೇ, ನೋವಾಗದಂತೆ ತಿಳಿಹೇಳಬೇಕು. ಅದಕ್ಕೆ ಒಂದು ಸಂಜೆ ಸಾಲದು.