ಪಟ್ಟೆ ಹವಳಸಿಗಡಿ
ದಶಪಾದಿ ಗಣದ ಸ್ಟೆನೋಪೋಡಿಡೀ ಕುಟುಂಬಕ್ಕೆ ಸೇರಿದ ಕಡಲ ಸಿಗಡಿ. ವೈಜ್ಞಾನಿಕ ನಾಮ ಸ್ಟೆನೋಪಸ್ ಹಿಸ್ಪಿಡಸ್. ಫ್ರೆಂಚ್ ಪ್ರಾಣಿವಿಜ್ಞಾನಿ ಒಲಿವಿಯೆ 1811ರಲ್ಲಿ ಇದನ್ನು ವರ್ಣಿಸಿದ. ಹಿಂದೂ, ಪೆಸಿಫಿಕ್, ಅಟ್ಲಾಂಟಿಕ್ ಸಾಗರಗಳ ಉಷ್ಣವಲಯದ ಹವಳದ ದಿಬ್ಬಗಳಲ್ಲಿ ವಾಸ, ಲಕ್ಷದ್ವೀಪದಲ್ಲೂ ಉಂಟು.

ಉದ್ದ ಸುಮಾರು 6 ಸೆಂಮೀ. ಮುಳ್ಳುಮುಳ್ಳಾದ ಮೈಮೇಲೆ ಕೆಂಪು-ಬಿಳಿ ಪಟ್ಟೆಗಳಿವೆ. ಮೊದಲ ಮೂರು ಜೋಡಿ ಕಾಲುಗಳ ತುದಿಯಲ್ಲಿ ಚಿಮಟಗಳಿದ್ದು, ಮೂರನೆಯ ಜೋಡಿ ಎಲ್ಲಕ್ಕಿಂತ ದೊಡ್ಡದು. ಕಾಲು ಕಳಚಿಹೋದರೆ ಪೊರೆ ಬಿಡುವಾಗ ಮತ್ತೆ ಬೆಳೆಯುತ್ತದೆ.

ಹಗಲು ಬಂಡೆಯ ಸಂದುಗಳಲ್ಲಿದ್ದು ರಾತ್ರಿ ಮೇಯುತ್ತದೆ. ಬಿಳಿ ಮೀಸೆಗಳನ್ನು ಆಡಿಸಿ ಮೀನುಗಳನ್ನು ಸೆಳೆದು, ಅವುಗಳ ಮೈಗಂಟಿದ ಪರಾವಲಂಬಿಗಳನ್ನೂ ಸತ್ತ ಚರ್ಮವನ್ನೂ ತಿನ್ನುತ್ತದೆ. ಗಂಡು-ಹೆಣ್ಣು ಜೋಡಿಯಾಗಿ ಒಂದೇ ನೆಲೆಯಲ್ಲಿ ಬಾಳುತ್ತವೆ. ತಮ್ಮದೇ ಲಿಂಗದ ಬೇರೊಂದು ಸಿಗಡಿ ಬಂದರೆ ಕಾದಾಡಿ ಓಡಿಸುತ್ತವೆ. ಹೆಣ್ಣು ಪೊರೆ ಬಿಟ್ಟ ಬೆನ್ನಿಗೇ ಕೂಡಿ, ಹಸಿರು ಮೊಟ್ಟೆಗಳನ್ನು ಹೊಟ್ಟೆಯಡಿಯ ಈಜುಗಾಲುಗಳಲ್ಲಿ ಹೊರುತ್ತದೆ. ಡಿಂಭಗಳು ತಿಂಗಳುಗಟ್ಟಲೆ ಪ್ರವಾಹದಲ್ಲಿ ತೇಲಿ ದೂರದ ದಿಬ್ಬಗಳನ್ನು ಸೇರಬಲ್ಲವು.