ಬೇಟೆ ನುಸಿಗೂ ಮೇವು ಬೇಕು

ಹಿಂಡಿ ಬೂಸಾ ಹಾಕದೆ, ಬರೀ ಒಣಹುಲ್ಲು ತೋರಿಸಿ ಹಸುವಿನ ಕೆಳಗೆ ಚೊಂಬು ಹಿಡಿದರೆ ಹಾಲು ಬಂದೀತೆ? ಬೆಳೆ ಕಾಯುವ ಸಣ್ಣ ಜೀವಕ್ಕೂ ಇದೇ ನ್ಯಾಯ. ಹಾಲೆಂಡಿನವರು ಇದನ್ನು ಕಂಡುಕೊಂಡ ಕಥೆ ಕೇಳಿರಿ.

ಬದನೆ, ಬೆಂಡೆ ಎಲೆಯ ಅಡಿಯಲ್ಲಿ ಬಲೆ ಕಟ್ಟಿ ರಸ ಹೀರುವ ಕೆಂಪು ನುಸಿಯನ್ನು ನೀವು ಬಲ್ಲಿರಿ. ಯೂರೋಪಿನ ಗಾಜಿನ ಮನೆಗಳಲ್ಲಿ ಸೌತೆ ಬೆಳೆಗೂ ಇಂಥದೇ ನುಸಿಯ ಕಾಟ. ಔಷಧಿ ಹೊಡೆದಷ್ಟೂ ನುಸಿ ಅದಕ್ಕೆ ಒಗ್ಗಿಕೊಂಡಿತು. 1950ರ ದಶಕದ ಕೊನೆಯಲ್ಲಿ, ಚಿಲಿ ದೇಶದಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳ ಮೇಲೆ ಡೊಸ್ಸೆ ಎಂಬ ವಿಜ್ಞಾನಿ ಬೇರೊಂದು ನುಸಿಯನ್ನು ಕಂಡರು. ಅದು ಎಲೆಯನ್ನು ಮುಟ್ಟದು. ಕೆಂಪು ನುಸಿಯನ್ನೇ ತಿನ್ನುವುದು. ಫೈಟೋಸಿಯುಲಸ್ ಪರ್ಸಿಮಿಲಿಸ್ ಎಂದು ಅದರ ಹೆಸರು. ನಾವು ಬೇಟೆ ನುಸಿ ಅನ್ನೋಣ.

ಹಾಲೆಂಡಿನ ಸೌತೆ ಬೆಳೆಗಾರ ಯಾನ್ ಕೊಪ್ಪರ್ಟ್ ಅವರ ಮೈಗೆ ಔಷಧಿ ಆಗಿಬರಲಿಲ್ಲ. 1967ರಲ್ಲಿ ಅವರು ಈ ಬೇಟೆ ನುಸಿಯ ಕಡೆ ತಿರುಗಿದರು. ಇದನ್ನು ಸಾಕುವ ವಾಡಿಕೆ ಹೀಗೆ: ಮೊದಲು ಹುರುಳಿಕಾಯಿ ಗಿಡ, ಗಿಡದ ಮೇಲೆ ಕೆಂಪು ನುಸಿ, ಆಮೇಲೆ ಬೇಟೆ ನುಸಿ. ಹೊಟ್ಟೆ ತುಂಬಿದ ಹೆಣ್ಣು ದಿನಕ್ಕೆ ಮೂರು ನಾಲ್ಕು ಮೊಟ್ಟೆ ಇಡುತ್ತದೆ. ಗಿಡ ಸೊರಗಿ ಕೆಂಪು ನುಸಿ ಕಡಿಮೆಯಾಯಿತೋ, ಮೊಟ್ಟೆ ನಿಂತಿತು. ಹಸಿವಿಗೆ ಒಂದನ್ನೊಂದು ತಿನ್ನುವುದೂ ಉಂಟು. ಗಿಡಕ್ಕೆ ಹಾಕಿದ ಗೊಬ್ಬರವೇ ಕೊನೆಗೆ ಬೇಟೆ ನುಸಿಯ ಬಲ ಎಂದಾಯಿತು.

ಮೇವು ಹೊಟ್ಟೆ ತುಂಬಿದರೆ ಸಾಲದು, ಸತ್ವವೂ ಇರಬೇಕು. ಬೇಟೆ ನುಸಿಯ ಇನ್ನೊಂದು ಜಾತಿಯ ಮೇಲೆ ನಡೆಸಿದ ಪರೀಕ್ಷೆಯನ್ನು 1981ರಲ್ಲಿ ಹಾಲೆಂಡಿನ ವಿಜ್ಞಾನಿಗಳು ಪ್ರಕಟಿಸಿದರು. ಗಜ್ಜರಿಗೆ ಬಣ್ಣ ಕೊಡುವ ಕ್ಯಾರೊಟಿನ್ ಥರದ ವಸ್ತು ಮೇವಿನಲ್ಲಿಲ್ಲದಿದ್ದರೆ, ಹಗಲು ಕಿರಿದಾದದ್ದು ಆ ನುಸಿಗೆ ತಿಳಿಯುತ್ತಿರಲಿಲ್ಲ. ಚಳಿಗಾಲದ ವಿಶ್ರಾಂತಿಗೂ ಅದು ಹೋಗುತ್ತಿರಲಿಲ್ಲ.

ನಮ್ಮ ಹೊಲಕ್ಕೆ ಇದರಿಂದ ಏನು ಪಾಠ? ಬೇಟೆ ನುಸಿಯ ನೆಂಟರು ನಮ್ಮಲ್ಲೂ ಇದ್ದಾರೆ. ನಿಯೋಸಿಯುಲಸ್ ಲಾಂಜಿಸ್ಪೈನೋಸಸ್ ಅಂಥದೊಂದು. ನಾಲ್ಕು ಕೆಂಪು ನುಸಿ ಕಂಡೊಡನೆ ಪಂಪು ಹೆಗಲಿಗೇರಿಸಬೇಡಿರಿ. ಆ ನಾಲ್ಕೇ ನಿಮ್ಮ ಕಾವಲುಗಾರನ ಊಟ. ಎಲೆ ಮಗುಚಿ, ಭೂತಗನ್ನಡಿ ಹಿಡಿದು ನೋಡಿರಿ. ಬಲೆಯ ನಡುವೆ ಚುರುಕಾಗಿ ಓಡಾಡುವ ನುಸಿ ಕಂಡರೆ ಎರಡು ದಿನ ಕಾದು ಮತ್ತೆ ನೋಡಿರಿ. ಕೆಂಪು ನುಸಿ ಏರುತ್ತಲೇ ಇದ್ದರೆ ಮಾತ್ರ, ಕೃಷಿ ಅಧಿಕಾರಿಗಳನ್ನು ಕೇಳಿ ಔಷಧಿ ಆರಿಸಿರಿ. ಅವಸರದ ಔಷಧಿ ಕಳ್ಳನ ಜೊತೆ ಕಾವಲುಗಾರನನ್ನೂ ಕೊಂದೀತು. ಆಮೇಲೆ ಕಳ್ಳನೇ ಮೊದಲು ಮರಳಿ ಬರುತ್ತಾನೆ.