ಹದಿನೈದು ಜೋಡಿ ಮೆಕ್ಕೆಜೋಳ

ಜೋಡಿ ಜೋಡಿಯಾಗಿ ತೆಗೆದ ಅಳತೆಗಳನ್ನು ಹೋಲಿಸಲು ಇಂದು ವೈದ್ಯವಿಜ್ಞಾನದಿಂದ ಕೃಷಿವಿಜ್ಞಾನದವರೆಗೆ ಬಳಕೆಯಲ್ಲಿರುವ ವಿಲ್ಕಾಕ್ಸನ್ ಪರೀಕ್ಷೆಯ ಪೂರ್ವೇತಿಹಾಸವನ್ನು ಹುಡುಕುತ್ತ ಹೋದರೆ, ಇಂಗ್ಲೆಂಡಿನ ಕೆಂಟ್ ಪ್ರಾಂತದ ಡೌನ್ ಗ್ರಾಮದಲ್ಲಿ ಚಾರ್ಲ್ಸ್ ಡಾರ್ವಿನ್ ಬೆಳೆಸಿದ ಮೆಕ್ಕೆಜೋಳದ ಕುಂಡಗಳು ಎದುರಾಗುತ್ತವೆ. ಪರಕೀಯ ಪರಾಗಸ್ಪರ್ಶದಿಂದ ಹುಟ್ಟಿದ ಸಸಿಗಳು ಸ್ವಕೀಯ ಪರಾಗಸ್ಪರ್ಶದ ಸಸಿಗಳಿಗಿಂತ ಹುಲುಸಾಗಿ ಬೆಳೆಯುತ್ತವೆಯೇ ಎಂಬುದನ್ನು ಅರಿಯಲು ಅವರು ಎರಡೂ ಬಗೆಯ ಬೀಜಗಳನ್ನು ಒದ್ದೆ ಮರಳಿನ ಮೇಲೆ ಮೊಳೆಯಿಸಿ, ಒಂದೇ ಹೊತ್ತಿಗೆ ಮೊಳೆತ ಎರಡನ್ನು ಒಂದೇ ಕುಂಡದ ಎದುರುಬದುರು ಬದಿಗಳಲ್ಲಿ ನೆಟ್ಟರು. ಮಣ್ಣು, ನೀರು, ಬೆಳಕುಗಳ ವ್ಯತ್ಯಾಸವನ್ನು ಆದಷ್ಟು ಕಳೆದು ಬೀಜದ ವ್ಯತ್ಯಾಸವನ್ನಷ್ಟೇ ಉಳಿಸಿಕೊಳ್ಳುವುದು ಈ ಜೋಡಣೆಯ ಉದ್ದೇಶವಾಗಿತ್ತು.

1876ರಲ್ಲಿ ಪ್ರಕಟವಾದ ಫಲಿತಾಂಶಗಳಲ್ಲಿ ಮೆಕ್ಕೆಜೋಳದ 15 ಜೋಡಿಗಳಿದ್ದು, 13 ಜೋಡಿಗಳಲ್ಲಿ ಪರಕೀಯ ಸಸಿಯೇ ಎತ್ತರವಾಗಿತ್ತು. ಉಳಿದ ಎರಡರಲ್ಲಿ ಮಾತ್ರ ಸೋಲು ಸಣ್ಣದಾಗಿರಲಿಲ್ಲ. ಮೊದಲ ಕುಂಡದ ಒಂದು ಜೋಡಿಯಲ್ಲಿ ಪರಕೀಯ ಸಸಿ 12 ಅಂಗುಲಕ್ಕೇ ನಿಂತಿದ್ದರೆ ಅದರ ಎದುರಿನದು 20 ಅಂಗುಲ ದಾಟಿತ್ತು. ಡಾರ್ವಿನ್ ಈ ಅಂಕಿಗಳನ್ನು ತಮ್ಮ ಬಂಧು ಫ್ರಾನ್ಸಿಸ್ ಗಾಲ್ಟನ್‌ಗೆ ಒಪ್ಪಿಸಿದಾಗ, ಗಾಲ್ಟನ್ ಎರಡೂ ಗುಂಪುಗಳನ್ನು ಬೇರೆಬೇರೆಯಾಗಿ ಎತ್ತರದ ಕ್ರಮದಲ್ಲಿ ಜೋಡಿಸಿ ಹೋಲಿಸಿದರು. ಅಂಕಿಗಳಿಗೆ ಅದರಿಂದ ಒಂದು ಶಿಸ್ತು ಬಂದಂತೆ ಕಂಡಿತಾದರೂ, ಅಷ್ಟು ಶ್ರಮದಿಂದ ಕಟ್ಟಿದ ಜೋಡಿಗಳೇ ಮುರಿದುಹೋದವು. ರೊನಾಲ್ಡ್ ಫಿಶರ್ 1935ರ ತಮ್ಮ ಪ್ರಯೋಗವಿನ್ಯಾಸದ ಗ್ರಂಥದಲ್ಲಿ ಈ ಮರುಜೋಡಣೆಯನ್ನು ಆಕ್ಷೇಪಿಸಿದ್ದು ನ್ಯಾಯವಾಗಿಯೇ ಇದೆ.

ಫಿಶರ್ ಪ್ರತಿ ಜೋಡಿಯ ವ್ಯತ್ಯಾಸವನ್ನು ಮಾತ್ರ ಇಟ್ಟುಕೊಂಡು ಟಿ-ಪರೀಕ್ಷೆ ನಡೆಸಿದರು. ವ್ಯತ್ಯಾಸಗಳು ಗಂಟೆಯಾಕಾರದ ಪ್ರಸಾಮಾನ್ಯ ವಿತರಣೆಯನ್ನು ಅನುಸರಿಸುತ್ತವೆಂದು ಭಾವಿಸುವ ಈ ಪರೀಕ್ಷೆಯ ಪ್ರಕಾರ, ಬೀಜಗಳಲ್ಲಿ ಭೇದವೇ ಇಲ್ಲದಿದ್ದರೂ ಬರಿಯ ಆಕಸ್ಮಿಕದಿಂದ ಇಂಥ ಫಲ ಬರುವ ಸಂಭವನೀಯತೆ ಶೇ. 5ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಆ ಭಾವನೆಯನ್ನೇ ಕೈಬಿಟ್ಟರೆ ಏನಾಗುತ್ತದೆಂದೂ ಅವರು ನೋಡಿದರು: ಬೀಜಗಳಲ್ಲಿ ಭೇದವಿಲ್ಲದಿದ್ದರೆ ಪ್ರತಿ ವ್ಯತ್ಯಾಸವೂ ಧನವಾಗುವಷ್ಟೇ ಸುಲಭವಾಗಿ ಋಣವೂ ಆಗಬಹುದಾದ್ದರಿಂದ ಒಟ್ಟು 32,768 ಚಿಹ್ನಾವಿನ್ಯಾಸಗಳು ಸಾಧ್ಯ, ಅವುಗಳಲ್ಲಿ 1,726, ಅಂದರೆ ಸುಮಾರು ಶೇ. 5.3ರಷ್ಟು, ಡಾರ್ವಿನ್ ಪಡೆದಷ್ಟು ಅಥವಾ ಅದಕ್ಕೂ ದೊಡ್ಡ ಮೊತ್ತವನ್ನು ಒಂದಲ್ಲ ಒಂದು ದಿಕ್ಕಿನಲ್ಲಿ ಕೊಡುತ್ತವೆ. ಪ್ರತಿ ಹೊಸ ಪ್ರಯೋಗಕ್ಕೂ ಇಂಥ ಎಣಿಕೆಯನ್ನು ಕೈಯಿಂದ ಮಾಡುವುದು ಆ ಕಾಲದಲ್ಲಿ ಆಗದ ಮಾತು.

ಈ ತೊಡಕನ್ನು ಬಿಡಿಸಿದವರು ರಸಾಯನ ವಿಜ್ಞಾನಿ ಫ್ರಾಂಕ್ ವಿಲ್ಕಾಕ್ಸನ್. ಶಿಲೀಂಧ್ರನಾಶಕ, ಕೀಟನಾಶಕಗಳ ಪರೀಕ್ಷೆಯಲ್ಲಿ ತೊಡಗಿದ್ದ ಅವರು ಅಮೆರಿಕನ್ ಸಯನಮಿಡ್ ಕಂಪನಿಯಲ್ಲಿದ್ದಾಗ, 1945ರಲ್ಲಿ, ನಾಲ್ಕೇ ಪುಟಗಳ ಒಂದು ಲೇಖನ ಪ್ರಕಟಿಸಿ, ಅದರಲ್ಲಿ ಡಾರ್ವಿನ್ನರ ಅದೇ 15 ವ್ಯತ್ಯಾಸಗಳನ್ನು ಫಿಶರ್ ಗ್ರಂಥದಿಂದ ತೆಗೆದುಕೊಂಡರು. ಚಿಹ್ನೆಯನ್ನು ಬದಿಗಿಟ್ಟು ವ್ಯತ್ಯಾಸಗಳಿಗೆ ಕಿರಿದರಿಂದ ಹಿರಿದಕ್ಕೆ 1ರಿಂದ 15ರವರೆಗೆ ಕ್ರಮಾಂಕ ಕೊಟ್ಟು, ಬಳಿಕ ಚಿಹ್ನೆಗಳನ್ನು ಮರಳಿ ಸೇರಿಸಿದರೆ, ಋಣ ವ್ಯತ್ಯಾಸಗಳೆರಡಕ್ಕೆ 10 ಮತ್ತು 14ನೆಯ ಕ್ರಮಾಂಕಗಳು ಬಂದು ಅವುಗಳ ಮೊತ್ತ 24 ಆಗುತ್ತದೆ. ಅದಕ್ಕೆ ಸಲ್ಲುವ ಸಂಭವನೀಯತೆ ಶೇ. 4.1. ಅಳತೆಗಳು ಏನೇ ಇರಲಿ, ಸಮನಾದ ವ್ಯತ್ಯಾಸಗಳಿಲ್ಲದ 15 ಜೋಡಿಗಳ ಕ್ರಮಾಂಕಗಳು ಯಾವಾಗಲೂ 1ರಿಂದ 15ರವರೆಗೇ ಇರುವುದರಿಂದ, ಫಿಶರರ ಆ ದೀರ್ಘ ಎಣಿಕೆಯನ್ನು ಒಮ್ಮೆ ಮಾಡಿ ಕೋಷ್ಟಕದಲ್ಲಿ ಬರೆದಿಟ್ಟರೆ ಎಲ್ಲ ಪ್ರಯೋಗಗಳಿಗೂ ಸಾಕು. ಗಾಲ್ಟನ್ ಜೋಡಿಯನ್ನು ಮುರಿಯಲು ಬಳಸಿದ ಕ್ರಮವೇ ಇಲ್ಲಿ ಜೋಡಿಯನ್ನು ಕಾಯುವ ಸಾಧನವಾಯಿತು.

ಇದಕ್ಕೂ ಸರಳವಾದ ಚಿಹ್ನಾಪರೀಕ್ಷೆ ಬಹಳ ಹಳೆಯದು. ಲಂಡನ್ನಿನಲ್ಲಿ ಸತತ 82 ವರ್ಷ ಗಂಡುಮಕ್ಕಳ ನಾಮಕರಣಗಳೇ ಹೆಚ್ಚಾಗಿದ್ದುದು ಬರಿಯ ಆಕಸ್ಮಿಕವಲ್ಲವೆಂದು ತೋರಿಸಲು ಜಾನ್ ಆರ್ಬತ್‌ನಾಟ್ 1710ರಲ್ಲಿಯೇ ಆ ಬಗೆಯ ವಾದವನ್ನು ಹೂಡಿದ್ದರು. ಆದರೆ 13 ಗೆಲುವು, ಎರಡು ಸೋಲು ಎಂದಷ್ಟೇ ಎಣಿಸಿದರೆ ಡಾರ್ವಿನ್ನರ ಅಂಕಿಗಳಿಗೆ ಶೇ. 0.74 ಎಂಬ ಉತ್ತರ ಬಂದು, ಆ ಎರಡು ಸೋಲುಗಳ ಗಾತ್ರ ಲೆಕ್ಕದಿಂದಲೇ ಜಾರಿಹೋಗುತ್ತದೆ. ವಿಲ್ಕಾಕ್ಸನ್ ವಿಧಾನದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ.

ಸಿಡ್ನಿ ಸೀಗಲ್ 1956ರಲ್ಲಿ ಬರೆದ ಪಠ್ಯದ ಮೂಲಕ ಈ ವಿಧಾನ ಮನೋವಿಜ್ಞಾನಿಗಳಿಗೂ ಕೈವಶವಾಯಿತು. ನಿರ್ದಿಷ್ಟ ವಿತರಣೆಯನ್ನು ಬೇಡದ ಇಂಥ ನಾನ್‌ಪ್ಯಾರಮೆಟ್ರಿಕ್ ಪರೀಕ್ಷೆಗಳಿಗೆ ಯಾವ ನಿಬಂಧನೆಯೂ ಇಲ್ಲವೆಂಬ ತಿಳುವಳಿಕೆ ಮಾತ್ರ ಸರಿಯಲ್ಲ. ವ್ಯತ್ಯಾಸಗಳು ತಮ್ಮ ಮಧ್ಯಬಿಂದುವಿನ ಎರಡೂ ಕಡೆ ಸಮನಾಗಿ ಹರಡಿರಬೇಕು, ಒಂದು ಜೋಡಿ ಇನ್ನೊಂದರ ಪ್ರಭಾವಕ್ಕೆ ಒಳಗಾಗಿರಬಾರದು. ಡಾರ್ವಿನ್ನರ 15 ಜೋಡಿಗಳಾದರೋ ನಾಲ್ಕೇ ಕುಂಡಗಳಲ್ಲಿ ಬೆಳೆದವು, ಮೂರನೆಯದೊಂದರಲ್ಲಿಯೇ ಐದು ಜೋಡಿಗಳಿದ್ದವು.